ಪಟ್ಟಾಭಿಷೇಕದ ನಂತರದ ಪ್ರಶ್ನೆ

ಗದುಗಿನ ವೀರನಾರಾಯಣನ ಗುಡಿಗೆ ಹೋದವರಿಗೆ ಅಲ್ಲಿಯ ಒಂದು ಕಂಬವನ್ನು ತೋರಿಸುವುದುಂಟು. ಕುಮಾರವ್ಯಾಸ ಅದಕ್ಕೆ ಒರಗಿ ಕುಳಿತು ತನ್ನ ಭಾರತವನ್ನು ರಚಿಸಿದನೆಂಬುದು ಪ್ರತೀತಿ. ಆ ಕಾವ್ಯವನ್ನು ಗಮಕಿಗಳ ಬಾಯಲ್ಲಿ ಕೇಳುತ್ತ ಬಂದಿರುವ ನಮಗೆ ಒಂದು ಸಂಗತಿ ಅಷ್ಟಾಗಿ ಹೊಳೆಯುವುದಿಲ್ಲ. ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಕುಮಾರವ್ಯಾಸ ಹೇಳಿದ್ದು ಹತ್ತನ್ನು ಮಾತ್ರ. ಗದಾಪರ್ವಕ್ಕೆ ಅವನ ಕಥೆ ಮುಗಿಯುತ್ತದೆ. ದುರ್ಯೋಧನ ಬೀಳುತ್ತಾನೆ, ಧರ್ಮರಾಯನಿಗೆ ಪಟ್ಟವಾಗುತ್ತದೆ, ಕೇಳುಗರು ಎದ್ದು ಮನೆಗೆ ಹೋಗುತ್ತಾರೆ. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಕನ್ನಡಕ್ಕೆ ತಂದ. ಆದರೆ ಗದುಗಿನ ಭಾರತಕ್ಕೆ ಸಿಕ್ಕ ಕೇಳುಗರು ಅದಕ್ಕೆ ಸಿಗಲಿಲ್ಲ.

ಹೀಗೆ ಕಡಿಮೆ ಜನರ ಕಿವಿಗೆ ಬಿದ್ದ ಭಾಗದಲ್ಲಿಯೇ ಶಾಂತಿಪರ್ವವಿದೆ. ಗೆದ್ದ ಧರ್ಮರಾಯ ಶರಶಯ್ಯೆಯ ಮೇಲಿದ್ದ ಭೀಷ್ಮನ ಬಳಿ ಕುಳಿತು ಕೇಳುವ ಪ್ರಶ್ನೆಗಳಲ್ಲಿ ಹಲವು ರಾಜ್ಯಭಾರಕ್ಕೆ ಸಂಬಂಧಿಸಿದವು. ರಾಜನೆಂಬವನು ಏಕೆ ಬೇಕು? ಅವನಿಗೆ ತೆರಿಗೆ ಏಕೆ ಕೊಡಬೇಕು? ಎಲ್ಲರಂತೆಯೇ ಕೈಕಾಲು, ಹಸಿವು, ಸಾವು ಇರುವ ಒಬ್ಬ ಮನುಷ್ಯ ಉಳಿದವರನ್ನೆಲ್ಲ ಆಳುವುದು ಹೇಗೆ ನ್ಯಾಯ? ಯುದ್ಧದ ಕಥೆಗಿಂತ ಇವು ನೀರಸ, ನಿಜ. ಆದರೆ ಚುನಾವಣೆಯ ಫಲಿತಾಂಶದ ದಿನ ಪಟಾಕಿ ಹೊಡೆದು ಮರುದಿನದಿಂದ ರಾಜಕೀಯವನ್ನು ರಾಜಕಾರಣಿಗಳಿಗೇ ಬಿಟ್ಟುಬಿಡುವ ನಾವೂ ಒಂದು ರೀತಿಯಲ್ಲಿ ಗದಾಪರ್ವಕ್ಕೆ ಪುಸ್ತಕ ಮುಚ್ಚುವವರೇ ಅಲ್ಲವೆ?

ಭೀಷ್ಮ ಕೊಡುವ ಉತ್ತರಗಳಲ್ಲಿ ಒಂದು ಹೀಗಿದೆ. ಅರಸನಿಲ್ಲದ ಕಾಲದಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲಿಷ್ಠರು ದುರ್ಬಲರನ್ನು ನುಂಗುತ್ತಿದ್ದರು. ಇದನ್ನೇ ನಮ್ಮ ಹಿಂದಿನವರು ಮತ್ಸ್ಯನ್ಯಾಯ ಎಂದು ಕರೆದದ್ದು. ಆಗ ಜನ ಒಂದೆಡೆ ಸೇರಿ ತಮ್ಮತಮ್ಮಲ್ಲೇ ಒಂದು ‘ಸಮಯ’ ಮಾಡಿಕೊಂಡರು. ಇಲ್ಲಿ ಸಮಯ ಎಂದರೆ ವೇಳೆಯಲ್ಲ, ಒಪ್ಪಂದ. ಹಿಂಸಕರನ್ನೂ ಪರರ ಸೊತ್ತು ಕದಿಯುವವರನ್ನೂ ಹೊರಹಾಕೋಣ ಎಂಬುದು ಅದರ ಸಾರ. ಒಪ್ಪಂದವಾಯಿತು, ಆದರೆ ಪಾಲಿಸುವಂತೆ ನೋಡಿಕೊಳ್ಳುವವರಿರಲಿಲ್ಲ. ಆಗ ಅವರು ಬ್ರಹ್ಮನ ಬಳಿ ಹೋದರು. ಬ್ರಹ್ಮ ಮನುವನ್ನು ತೋರಿಸಿದ. ಮನು ಮೊದಲು ಒಲ್ಲೆನೆಂದ. ಆಳುವುದೆಂದರೆ ಪಾಪಕ್ಕೆ ಕೈ ಹಾಕಿದಂತೆ ಎಂದು ಹೆದರಿದ. ಜನ ಅವನನ್ನು ಒಪ್ಪಿಸಿದರು. ದನಕರು ಮತ್ತು ಹೊನ್ನಿನಲ್ಲಿ ಐವತ್ತರಲ್ಲೊಂದು ಪಾಲು, ಧಾನ್ಯದಲ್ಲಿ ಹತ್ತರಲ್ಲೊಂದು ಪಾಲು ಕೊಡುವುದಾಗಿ ಮಾತು ಕೊಟ್ಟರು.

ಇದೇ ವಿಚಾರ ಬೌದ್ಧರಲ್ಲಿ ಇನ್ನೂ ನೇರವಾಗಿದೆ. ದೀಘನಿಕಾಯದ ಅಗ್ಗಞ್ಞ ಸುತ್ತದಲ್ಲಿ ಮೊದಲ ರಾಜನ ಹೆಸರು ಮಹಾಸಮ್ಮತ, ಎಂದರೆ ಬಹುಜನರು ಸಮ್ಮತಿಸಿ ಆರಿಸಿದವನು. ತಪ್ಪು ಮಾಡಿದವರನ್ನು ಶಿಕ್ಷಿಸುವ ಕೆಲಸಕ್ಕೆ ಜನ ಅವನಿಗೆ ತಮ್ಮ ನೆಲ್ಲಿನಲ್ಲಿ ಒಂದು ಪಾಲು ಕೊಡುತ್ತಾರೆ. ಇಲ್ಲಿ ದೇವರ ಪ್ರಸ್ತಾಪವೇ ಇಲ್ಲ. ತೆರಿಗೆಯೆಂಬುದು ಅರಸನಿಗೆ ಒಪ್ಪಿಸುವ ಕಾಣಿಕೆಯಲ್ಲ, ಅವನ ಕೆಲಸಕ್ಕೆ ಕೊಡುವ ಕೂಲಿ.

ಇದೆಲ್ಲ ಪುರಾಣ, ಪುರಾಣದಲ್ಲಿ ಏನು ಬೇಕಾದರೂ ಇರುತ್ತದೆ ಎನ್ನುವವರು ಗದುಗಿನಿಂದ ಲಕ್ಷ್ಮೇಶ್ವರದ ಕಡೆಗೆ ನೋಡಬಹುದು. ಹಿಂದೆ ಇದು ಪುಲಿಗೆರೆ ಅಥವಾ ಪೊರಿಗೆರೆ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ಊರುಗಳಲ್ಲಿ ಒಂದು. ಇಲ್ಲಿ ದೊರೆತ, ಕ್ರಿ.ಶ. 725ರ ಸುಮಾರಿನದೆಂದು ಎಣಿಸಲಾದ ಒಂದು ಕನ್ನಡ ಶಾಸನ ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನದು. ಸಾಮಾನ್ಯವಾಗಿ ಶಾಸನವೆಂದರೆ ದಾನಪತ್ರ, ಇಲ್ಲವೆ ಬಿರುದಾವಳಿ. ಇದು ಹಾಗಲ್ಲ. ಪೊರಿಗೆರೆಯ ಮಹಾಜನರಿಗೆ, ನಗರದವರಿಗೆ ಮತ್ತು ಹದಿನೆಂಟು ಪ್ರಕೃತಿಗಳಿಗೆ ಯುವರಾಜ ಕೊಟ್ಟ ‘ಆಚಾರವ್ಯವಸ್ಥೆ’ ಇದು. ಇಲ್ಲಿ ಪ್ರಕೃತಿಗಳೆಂದರೆ ಊರಿನ ಪ್ರಜಾವರ್ಗಗಳು.

ಆ ವ್ಯವಸ್ಥೆಯಲ್ಲಿ ಎರಡು ಮಗ್ಗುಲುಗಳಿವೆ. ಒಂದು ಕಡೆ ಅರಸನ ಅಧಿಕಾರಿಗಳು ಕಾಪಾಡಬೇಕಾದವುಗಳ ಪಟ್ಟಿ: ವಾಸವಿಲ್ಲದ ಮನೆಗಳು, ಅರಸನ ದತ್ತಿ, ಸತ್ಪುರುಷರ ಸಾಕ್ಷ್ಯ, ರೂಢಿಯ ಕಟ್ಟಳೆ, ತಾಮ್ರಶಾಸನ, ಅನುಭೋಗದಲ್ಲಿರುವ ಸೊತ್ತು. ಇನ್ನೊಂದು ಕಡೆ ಊರಿನವರು ಕೊಡಬೇಕಾದ ತೆರಿಗೆ. ಅದೂ ಮನೆಮನೆಯ ಸ್ಥಿತಿಗೆ ತಕ್ಕಂತೆ, ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ. ಕಳವು ಮುಂತಾದ ಅಪರಾಧಗಳ ದಂಡವನ್ನು ಕಾರ್ತಿಕ ಮಾಸದಲ್ಲಿ ಊರಿನ ವೃತ್ತಿಸಂಘಕ್ಕೇ ಸಲ್ಲಿಸಬೇಕೆಂದೂ ಇದೆ. ಶಾಂತಿಪರ್ವ ಕಥೆಯಾಗಿ ಹೇಳಿದ್ದನ್ನು ಲಕ್ಷ್ಮೇಶ್ವರದವರು ಕಲ್ಲಿನಲ್ಲಿ ಬರೆಸಿಕೊಂಡರೆಂದು ಹೇಳಬಹುದು: ನೀನು ಇಷ್ಟು ಕಾಪಾಡು, ನಾವು ಇಷ್ಟು ಕೊಡುತ್ತೇವೆ.

ಇವತ್ತು ‘ವ್ಯವಸ್ಥೆ’ ಎಂಬ ಶಬ್ದವನ್ನು ನಾವು ಬಳಸುವುದು ಹೆಚ್ಚಾಗಿ ಬೈಯುವುದಕ್ಕೆ. ವ್ಯವಸ್ಥೆ ಕೆಟ್ಟಿದೆ, ವ್ಯವಸ್ಥೆಯೇ ಹೀಗೆ ಎನ್ನುತ್ತೇವೆ. ಅದು ನಮ್ಮಿಂದ ಹೊರಗೆ ಎಲ್ಲೋ ತಾನೇತಾನಾಗಿ ನಡೆಯುವ ಯಂತ್ರವೆಂಬಂತೆ. ಲಕ್ಷ್ಮೇಶ್ವರದ ಶಾಸನದಲ್ಲಿ ಅದೇ ಶಬ್ದಕ್ಕೆ ಎರಡೂ ಕಡೆಯವರನ್ನು ಕಟ್ಟಿಹಾಕುವ ಒಪ್ಪಂದ ಎಂಬ ಅರ್ಥವಿದೆ.

ಇಷ್ಟು ಹೇಳಿದ ಕೂಡಲೇ ಪ್ರಜಾಪ್ರಭುತ್ವ ನಮ್ಮಲ್ಲಿ ಆಗಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವವರು ಇದ್ದಾರೆ. ಇಲ್ಲಿ ಎಚ್ಚರ ಬೇಕು. ಈ ವ್ಯವಸ್ಥೆಯನ್ನು ಕೊಟ್ಟವನು ಯುವರಾಜ. ಜನ ಅವನನ್ನು ಆರಿಸಿರಲಿಲ್ಲ. ಊರನ್ನು ಮಹಾಜನರು, ನಗರದವರು, ಪ್ರಕೃತಿಗಳು ಎಂದು ಅಂತಸ್ತಿನ ಕ್ರಮದಲ್ಲೇ ವಿಂಗಡಿಸಲಾಗಿದೆ. ಆ ಸಾಲಿನಲ್ಲಿ ಹೆಂಗಸರಿಗೆ, ಊರಾಚೆ ಇರಿಸಲ್ಪಟ್ಟವರಿಗೆ ದನಿಯಿತ್ತೆಂದು ಹೇಳಲು ಆಧಾರವಿಲ್ಲ. ಇನ್ನೊಂದು ಮಾತು. ಮನುವಿಗೆ ಜನ ಪಾಲು ಕೊಟ್ಟ ಕಥೆಯನ್ನು ಕೌಟಿಲ್ಯನೂ ಅರ್ಥಶಾಸ್ತ್ರದಲ್ಲಿ ಹೇಳುತ್ತಾನೆ. ಅಲ್ಲಿ ಧಾನ್ಯದ ಪಾಲು ಆರರಲ್ಲೊಂದು. ಆದರೆ ಕಥೆಯನ್ನು ಅವನು ಯಾರ ಬಾಯಲ್ಲಿ ಹೇಳಿಸುತ್ತಾನೆಂಬುದು ನೋಡುವಂಥದು. ಜನ ಸೇರುವ ಕಡೆ ಹೋಗಿ, ಅರಸನನ್ನು ಟೀಕಿಸುವವರ ಬಾಯಿ ಮುಚ್ಚಿಸಬೇಕಾದ ಗೂಢಚಾರರ ಬಾಯಲ್ಲಿ! ಕೊಟ್ಟ ತೆರಿಗೆಗೆ ರಕ್ಷಣೆ ಸಿಗುತ್ತಿದೆ, ಇನ್ನು ಸುಮ್ಮನಿರಿ ಎಂಬುದು ಅಲ್ಲಿಯ ತಾತ್ಪರ್ಯ. ಮಹಾಭಾರತದ ಅನುಶಾಸನ ಪರ್ವವಾದರೋ ಅದೇ ತತ್ವದಿಂದ ತದ್ವಿರುದ್ಧವಾದ ತೀರ್ಮಾನಕ್ಕೆ ಬರುತ್ತದೆ: ರಕ್ಷಿಸುತ್ತೇನೆಂದು ಹೇಳಿ ರಕ್ಷಿಸದ ಅರಸನ ಮೇಲೆ ಪ್ರಜೆಗಳು ತಿರುಗಿ ಬೀಳಬಹುದು.

ಒಂದೇ ವಿಚಾರ, ಎರಡು ಉಪಯೋಗ. ಆದ್ದರಿಂದ ಹಳೆಯ ತತ್ವವೊಂದನ್ನು ಯಾರಾದರೂ ವೇದಿಕೆಯ ಮೇಲೆ ಎತ್ತಿಕೊಂಡಾಗ ಅದು ಎಷ್ಟು ಪ್ರಾಚೀನ ಎಂದು ಕೇಳಿದರೆ ಸಾಲದು. ಅದು ಆಳುವವನ ಕೈಯಲ್ಲಿದೆಯೋ ಆಳಿಸಿಕೊಳ್ಳುವವನ ಕೈಯಲ್ಲಿದೆಯೋ ಎಂದು ಕೇಳಬೇಕು.

ಹೀಗೆ ಕೇಳಿ ನೋಡಿದರೆ ಇದೇ ಸೀಮೆಯ ಇತ್ತೀಚಿನ ಎರಡು ಸಂಗತಿಗಳು ಹೆಚ್ಚು ಸ್ಪಷ್ಟವಾಗುತ್ತವೆ. ಮೊದಲನೆಯದು ಗದಗ ತಾಲೂಕಿನ ಕಣಗಿನಹಾಳದ್ದು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಇಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಇತಿಹಾಸ ಬರೆಯುವವರು ಮೊದಲಿಗೆ ನೆನೆಯುವ ಸಂಘವಿದು. ಆ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘದ ಸಾಲ ತೀರದಿದ್ದರೆ ಪ್ರತಿಯೊಬ್ಬನೂ ಅದಕ್ಕೆ ಬಾಧ್ಯ. ನೆರೆಯವನ ನಡತೆ ಗೊತ್ತಿಲ್ಲದೆ ಇಂಥ ಕಾಗದಕ್ಕೆ ಯಾರೂ ಹೆಬ್ಬೆಟ್ಟು ಒತ್ತಲಾರರು. ಸಾಹುಕಾರನ ಬಡ್ಡಿಯೆಂಬ ಮತ್ಸ್ಯನ್ಯಾಯದಿಂದ ಪಾರಾಗಲು ಒಕ್ಕಲಿಗರು ತಮ್ಮತಮ್ಮಲ್ಲೇ ಮಾಡಿಕೊಂಡ ‘ಸಮಯ’ ಇದು. ಭೀಷ್ಮನ ಕಥೆಯಲ್ಲಿಯೂ ಜನರ ನಡುವಿನ ಒಪ್ಪಂದ ಮೊದಲು, ರಾಜ ಆಮೇಲೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ತಲೆಮಾರುಗಳಿಂದ ನಡೆದುಕೊಳ್ಳುತ್ತ ಬಂದಿರುವುದೂ ಯಾವ ಸರ್ಕಾರವೂ ಬರೆದುಕೊಡದ ಇಂಥದೇ ಒಂದು ಸಮಯ. ಇವು ಗಟ್ಟಿಯಾಗಿರುವ ಕಡೆ ರಾಜ್ಯದ ಮಾತೂ ತೂಕದಿಂದ ನಡೆಯುತ್ತದೆ.

ಎರಡನೆಯದು ಮುಂಡರಗಿ ತಾಲೂಕಿನದು. 2010ರ ಜೂನ್‌ನಲ್ಲಿ ಬೆಂಗಳೂರಿನ ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ಕೊರಿಯಾದ ಪೋಸ್ಕೋ ಕಂಪನಿಯೊಡನೆ ರಾಜ್ಯ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಹಳ್ಳಿಗುಡಿಯ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಉಕ್ಕಿನ ಕಾರ್ಖಾನೆ ಎದ್ದೇಳಬೇಕಿತ್ತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ರೈತರು ಚಳವಳಿಗಿಳಿದರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಮಳೆಯನ್ನೇ ನಂಬಿದ ಒಣನೆಲದಲ್ಲಿ ಕಾರ್ಖಾನೆ ಬಂದಿದ್ದರೆ ಹುಡುಗರಿಗೆ ಕೆಲಸ ಸಿಗುತ್ತಿತ್ತು ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗುಳೆ ಹೋಗುವವರ ಕಷ್ಟ ಬಲ್ಲವರಿಗೆ ಅದರ ತೂಕ ಗೊತ್ತು. ಆದರೆ ಕಾರ್ಖಾನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತ ಮುಂಚೆ ಇನ್ನೊಂದು ಪ್ರಶ್ನೆಯಿತ್ತು. ಒಪ್ಪಂದವಾದದ್ದು ಯಾರ ಯಾರ ನಡುವೆ? ಸರ್ಕಾರ ಮತ್ತು ಕಂಪನಿಯ ನಡುವೆ. ಅನುಭೋಗದಲ್ಲಿರುವ ಸೊತ್ತನ್ನು ಕಾಪಾಡಬೇಕಾದವನೇ ಅದನ್ನು ಮೂರನೆಯವರಿಗೆ ಕೊಡಲು ಹೊರಟಾಗ ನೆಲದ ಒಡೆಯ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಹಳ್ಳಿಗುಡಿಯವರು ಕೇಳಿದ್ದು ಪೊರಿಗೆರೆಯವರು ಬರೆಸಿಕೊಂಡದ್ದನ್ನೇ.

ಇಂಥ ಕೂಗು ದೇಶದ ಹಲವೆಡೆ ಎದ್ದ ಮೇಲೆ ಸಂಸತ್ತು 2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಮಾಡಿತು. ಖಾಸಗಿ ಕಂಪನಿಗಾಗಿ ಜಮೀನು ತೆಗೆದುಕೊಳ್ಳುವಾಗ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟು ಮಂದಿಯ ಪೂರ್ವಸಮ್ಮತಿ ಬೇಕೆಂದು ಅದು ಹೇಳಿತು. 1894ರ ಬ್ರಿಟಿಷರ ಕಾಯ್ದೆಯಲ್ಲಿ ಇಂಥ ಸಮ್ಮತಿಗೆ ಜಾಗವಿರಲಿಲ್ಲ. ಮಹಾಸಮ್ಮತನ ಹೆಸರಿನಲ್ಲಿದ್ದ ಆ ಶಬ್ದ ಇಷ್ಟು ಸುತ್ತು ಬಳಸಿ ಕಾನೂನಿನ ಪುಸ್ತಕಕ್ಕೆ ಬಂತು.

ಹಳೆಯ ತತ್ವಗಳ ಪ್ರಯೋಜನ ಇಲ್ಲಿದೆ. ಅವು ಇಂದಿನ ಸಮಸ್ಯೆಗೆ ಸಿದ್ಧ ಉತ್ತರ ಕೊಡುವುದಿಲ್ಲ. ಮನುವಿನ ಕಾಲದ ಲೆಕ್ಕದಲ್ಲಿ ನಮ್ಮ ಬಜೆಟ್ ಮಾಡಲಾಗದು. ಹದಿನೆಂಟು ಪ್ರಕೃತಿಗಳ ಲೆಕ್ಕದಲ್ಲಿ ಗ್ರಾಮಸಭೆ ನಡೆಸಲಾಗದು, ನಡೆಸಲೂಬಾರದು. ಆದರೆ ರೂಢಿಯ ಗದ್ದಲದಲ್ಲಿ ನಾವು ಮರೆತ ಪ್ರಶ್ನೆಯನ್ನು ಅವು ನೆನಪಿಗೆ ತರುತ್ತವೆ. ಮನೆ ಕರದ ರಸೀದಿ ಕೈಗೆ ಬಂದಾಗ ಇದಕ್ಕೆ ಪ್ರತಿಯಾಗಿ ಏನನ್ನು ಕಾಪಾಡುತ್ತೇವೆಂದು ಪಂಚಾಯತಿ ಮಾತು ಕೊಟ್ಟಿತ್ತು ಎಂದು ಕೇಳುವುದು ಉದ್ಧಟತನವಲ್ಲ. ಕರವನ್ನೇ ಕಟ್ಟದೆ ವ್ಯವಸ್ಥೆಯನ್ನು ಬೈಯುವವನಿಗೂ ಅದೇ ಶಾಸನದ ಇನ್ನೊಂದು ಮಗ್ಗುಲಿನಲ್ಲಿ ಉತ್ತರವಿದೆ.

ಕುಮಾರವ್ಯಾಸ ಎಲ್ಲಿಗೆ ನಿಲ್ಲಿಸಬೇಕೆಂಬುದು ಕವಿಯಾಗಿ ಅವನಿಗೆ ಬಿಟ್ಟ ವಿಷಯ. ಪ್ರಜೆಗಳಾದ ನಮಗೆ ಆ ಸೌಕರ್ಯವಿಲ್ಲ. ಪಟ್ಟಾಭಿಷೇಕ ಐದು ವರ್ಷಕ್ಕೊಮ್ಮೆ ನಡೆದೇ ನಡೆಯುತ್ತದೆ. ಶಾಂತಿಪರ್ವ ಮರುದಿನವೇ ಶುರುವಾಗಬೇಕು.