ಅಂಗೈಯಗಲದ ಒಲೆ

ಊರನ್ನು ಬಿಟ್ಟು ಒಂದೆರಡು ದಿನ ಬೆಟ್ಟದ ತಪ್ಪಲಿನಲ್ಲಿಯೋ ಹೊಳೆಯ ದಂಡೆಯಲ್ಲಿಯೋ ಬಿಡಾರ ಹೂಡಿ ಬರಬೇಕೆಂಬ ಆಸೆಯು ಈಗಿನ ಹುಡುಗರಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿಯೇ ಸರಿ. ಬಿಡಾರವೆಂದ ಮೇಲೆ ಅಡಿಗೆ. ಅಡಿಗೆಯೆಂದ ಮೇಲೆ ಒಲೆ. ಮೂರು ಕಲ್ಲುಗಳನ್ನಿಟ್ಟು ಪುಳ್ಳೆಗಳನ್ನು ಉರಿಸುವುದು ನಮ್ಮ ಹಿರಿಯರ ಕ್ರಮವಾಗಿತ್ತು. ಆದರೆ ಹಸಿ ಪುಳ್ಳೆಯ ಹೊಗೆ, ಪಾತ್ರೆಯ ಮಸಿ, ಎಲ್ಲಕ್ಕಿಂತ ಮಿಗಿಲಾಗಿ ಒಣಹುಲ್ಲಿಗೆ ಕಿಡಿ ತಗುಲಿ ಗಿಚ್ಚಾಗುವ ಭಯ, ಇವನ್ನು ನೆನೆದರೆ ಆ ಕ್ರಮವು ಈಗ ಎಲ್ಲ ಕಡೆಗೂ ಒಪ್ಪುವಂತಹುದಲ್ಲ. ಆದುದರಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಕಿರು ಒಲೆಯ ವಿಷಯವನ್ನು ವಾಚಕರಿಗೆ ತಿಳಿಸಬೇಕೆಂದಿರುವೆವು. ಅದು ಮದ್ಯಸಾರದಿಂದ, ಎಂದರೆ ಸ್ಪಿರಿಟ್ಟಿನಿಂದ ಉರಿಯತಕ್ಕದ್ದು. ಅದನ್ನು ಬಳಸುವಾಗ ನಾವು ಮಾಡಿದ ಒಂದು ದೊಡ್ಡ ತಪ್ಪನ್ನೂ ಮುಚ್ಚಿಡದೆ ಹೇಳುವೆವು. ಈ ಲೇಖನದ ಮುಖ್ಯ ಪ್ರಯೋಜನವು ಅದರಲ್ಲಿಯೇ ಇರುವುದೆಂದು ನಮ್ಮ ಭಾವನೆ.

ಹೊತ್ತೊಯ್ಯುವ ಒಲೆಯು ಹೊಸ ಕಲ್ಪನೆಯೇನೂ ಅಲ್ಲ. ಅಮರಕೋಶವು ಒಲೆಗೆ ಅಶ್ಮಂತ, ಉದ್ಧಾನ, ಅಧಿಶ್ರಯಣೀ, ಚುಲ್ಲಿ, ಅಂತಿಕಾ ಎಂಬ ಹೆಸರುಗಳನ್ನು ಹೇಳಿ, ಅದಕ್ಕೆ ಹತ್ತಿದಂತೆಯೇ ಕೆಂಡವನ್ನಿಡುವ ಅಗ್ಗಿಷ್ಟಿಕೆಗೆ ಅಂಗಾರಧಾನಿಕಾ, ಅಂಗಾರಶಕಟೀ, ಹಸಂತೀ ಎಂಬ ಹೆಸರುಗಳನ್ನು ಕೊಡುತ್ತದೆ. ಅಂಗಾರಶಕಟಿಯೆಂದರೆ ಕೆಂಡದ ಬಂಡಿ, ಹಸಂತಿಯೆಂದರೆ ನಗುತ್ತಿರುವವಳು. ಕೆಂಡದ ಹೊಳಪನ್ನು ನಗೆಯೆಂದು ಕಂಡ ಆ ಹೆಸರನ್ನು ನಾವು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಕಣ್ಣಿಗೇ ಕಾಣಿಸದೆ ನಗುವ ಬೆಂಕಿಯೂ ಉಂಟೆಂಬುದನ್ನು ಮಾತ್ರ ಕೆಲಸದಿಂದ ನಿವೃತ್ತರಾದ ಮೇಲೆ ಕಲಿತೆವು.

ಸ್ಪಿರಿಟ್ಟು ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಸ್ವೀಡನ್ ದೇಶದ ಲಿಂಡ್‌ಕ್ವಿಸ್ಟ್ ಎಂಬವರು ೧೮೯೨ರಲ್ಲಿ ತಯಾರಿಸತೊಡಗಿದ ಪ್ರೈಮಸ್ ಎಂಬ ಸೀಮೆಯೆಣ್ಣೆಯ ಪಂಪ್ ಸ್ಟೋವು ಲೋಕವನ್ನೆಲ್ಲ ಸುತ್ತಿ ನಮ್ಮ ಅಡಿಗೆಮನೆಗಳಿಗೂ ಬಂದಿತ್ತು. ಅದನ್ನು ಹೊತ್ತಿಸುವ ಮೊದಲು ಅದರ ಕೊರಳಿನ ಬಟ್ಟಲಲ್ಲಿ ತುಸು ಸ್ಪಿರಿಟ್ಟನ್ನು ಉರಿಸಿ ಕೊಳವೆಯನ್ನು ಕಾಯಿಸಬೇಕಾಗಿತ್ತು. ನಮ್ಮ ತಾಯಿಯವರು ಆ ಸೀಸೆಯನ್ನು ಮಕ್ಕಳ ಕೈಗೆ ಸಿಕ್ಕದಂತೆ ಅಟ್ಟದ ಅಂಚಿನಲ್ಲಿಡುತ್ತಿದ್ದುದು ಇನ್ನೂ ನೆನಪಿದೆ. ಶಾಲೆಯಲ್ಲಿ ನಾವು ಸಂಸ್ಕೃತ ಕಲಿಸುತ್ತಿದ್ದ ಕೊಠಡಿಯ ಪಕ್ಕದಲ್ಲಿಯೇ ವಿಜ್ಞಾನದ ಪ್ರಯೋಗಶಾಲೆ; ಅಲ್ಲಿಯ ಸ್ಪಿರಿಟ್ ದೀಪದ ನೀಲಿಯ ನಾಲಗೆಯನ್ನು ಕಿಟಕಿಯಿಂದ ನೋಡುತ್ತಿದ್ದೆವು.

ಬಿಡಾರದ ಅಡಿಗೆಗೆ ಸ್ಪಿರಿಟ್ಟನ್ನು ಪ್ರಸಿದ್ಧಿಗೆ ತಂದವರಲ್ಲಿಯೂ ಸ್ವೀಡನ್ನಿನವರಿದ್ದಾರೆ. ಟ್ರೋಂಗ್ಸ್‌ವಿಕೆನ್ ಎಂಬ ಹಳ್ಳಿಯಲ್ಲಿ ೧೯೨೫ರಲ್ಲಿ ಆರಂಭವಾದ ಟ್ರಾಂಗಿಯಾ ಎಂಬ ಕಾರ್ಖಾನೆಯವರು ೧೯೫೧ರಲ್ಲಿ ಗಾಳಿಮರೆಯುಳ್ಳ ಒಲೆಯೊಂದನ್ನು ಹೊರತಂದರು; ಅದರ ಎರಡು ಗೋಡೆಯ ಹಿತ್ತಾಳೆಯ ಉರಿಬಟ್ಟಲು ಇಂದಿಗೂ ಮಾರಾಟದಲ್ಲಿದೆ. ಅಮೆರಿಕದಲ್ಲಿ ಜಾರ್ಜಿಯದಿಂದ ಮೇಯ್ನ್ ಪ್ರಾಂತದವರೆಗೆ ೧೯೩೭ರಲ್ಲಿ ಪೂರ್ಣಗೊಂಡ, ಸುಮಾರು ೩,೫೦೦ ಕಿಲೋಮೀಟರು ಉದ್ದದ ಅಪಲೇಚಿಯನ್ ಕಾಲುದಾರಿಯಿದೆ. ಅದನ್ನು ತಿಂಗಳುಗಟ್ಟಲೆ ನಡೆಯುವವರು ಬೆನ್ನಿನ ಭಾರವನ್ನು ತೊಲದ ಲೆಕ್ಕದಲ್ಲಿ ಇಳಿಸಬೇಕೆಂದು ಪಾನೀಯದ ಅಲ್ಯೂಮಿನಿಯಂ ಡಬ್ಬಿಗಳನ್ನೂ ಬೆಕ್ಕಿನ ಆಹಾರದ ತಗಡಿನ ಡಬ್ಬಿಗಳನ್ನೂ ಕತ್ತರಿಸಿ ಒಲೆ ಮಾಡಿಕೊಂಡರು. ಬಿಸುಡತಕ್ಕ ವಸ್ತುವು ಹೀಗೆ ಬಳಕೆಯ ವಸ್ತುವಾಯಿತು.

ಇದರ ತತ್ತ್ವವು ಸುಲಭವಾದುದು. ಮದ್ಯಸಾರವು ಸುಮಾರು ೭೮ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಉರಿಯುವುದು ದ್ರವವಲ್ಲ, ಅದರ ಆವಿ. ಸೀಮೆಯೆಣ್ಣೆಯಂತೆ ಒತ್ತಡವಾಗಲಿ ಬತ್ತಿಯಾಗಲಿ ಇದಕ್ಕೆ ಬೇಡ. ಆದರೆ ಇದರ ಶಾಖ ಕಡಿಮೆ. ಒಂದು ಗ್ರಾಂ ಸೀಮೆಯೆಣ್ಣೆಯು ಹತ್ತಕ್ಕೂ ಹೆಚ್ಚು ಕಿಲೊಕ್ಯಾಲೊರಿಗಳನ್ನು ಕೊಟ್ಟರೆ ಮದ್ಯಸಾರವು ಸುಮಾರು ಏಳನ್ನು ಮಾತ್ರ ಕೊಡುವುದು. ೨೫ ಡಿಗ್ರಿಯ ಒಂದು ಲೀಟರು ನೀರು ಕುದಿಯಲು ೭೫ ಕಿಲೊಕ್ಯಾಲೊರಿ ಬೇಕು. ಉರಿಯ ಅರ್ಧ ಭಾಗವು ಗಾಳಿಯ ಪಾಲಾಗುವುದೆಂದು ಎಣಿಸಿದರೆ ೧೫೦ ಬೇಕಾಗುವುದು. ಅದಕ್ಕೆ ೨೧ ಗ್ರಾಂ, ಎಂದರೆ ೨೭ ಮಿ.ಲೀ. ಮದ್ಯಸಾರ. ಸ್ಪಿರಿಟ್ಟಿನಲ್ಲಿ ತುಸು ನೀರೂ ಇರುವುದರಿಂದ ೩೦ ಮಿ.ಲೀ. ಎಂದು ಇಟ್ಟುಕೊಳ್ಳಬಹುದು. ಅರ್ಧ ಲೀಟರಿಗೆ ೧೫ರಿಂದ ೨೦ ಸಾಕು. ಈ ಲೆಕ್ಕವನ್ನು ವಾಚಕರು ಮರೆಯಬಾರದು. ಇಡೀ ಒಲೆಯ ಮರ್ಯಾದೆಯು ಅಳತೆಯ ಮೇಲೆ ನಿಂತಿದೆ.

ಇನ್ನು ಮಾಡುವ ಬಗೆ. ಸುಮಾರು ೬ ಸೆ.ಮೀ. ಅಗಲ, ೪ ಸೆ.ಮೀ. ಎತ್ತರವುಳ್ಳ, ಬಾಯಿಯ ಅಂಚು ಮಡಿಸಿ ಗಟ್ಟಿಯಾಗಿರುವ ತಗಡಿನ ಡಬ್ಬಿಯೊಂದನ್ನು ಆರಿಸಿಕೊಳ್ಳತಕ್ಕದ್ದು. ತಳಕ್ಕೆ ಬೆಸುಗೆ ಹಾಕಿದ ಡಬ್ಬಿ ಬೇಡ; ಕಾದರೆ ಬೆಸುಗೆ ಬಿಡುವುದು. ಒಳಗೆ ಬಣ್ಣವಿರುವುದೂ ಬೇಡ. ಬಾಯಂಚಿನಿಂದ ಒಂದು ಸೆ.ಮೀ. ಕೆಳಗೆ ಕಾಗದದ ಪಟ್ಟಿಯನ್ನು ಸುತ್ತಿ ಸಮನಾಗಿ ಹದಿನಾರು ಗುರುತುಗಳನ್ನು ಹಾಕಿ, ಒಳಗೆ ಮರದ ತುಂಡನ್ನು ಕೊಟ್ಟು, ಮೊಳೆಯಿಂದ ತೂತು ಮಾಡಿ, ಒಂದೊಂದನ್ನೂ ೫ ಅಥವಾ ೬ ಮಿ.ಮೀ. ಅಗಲಕ್ಕೆ ಹಿಗ್ಗಿಸಬೇಕು. ತಗಡಿನ ಮೊನೆಗಳನ್ನು ಅರದಿಂದ ಉಜ್ಜಬೇಕು. ಇಷ್ಟೇ ಒಲೆ. ೨೦ ಮಿ.ಲೀ. ಸುರಿದರೆ ದ್ರವವು ತಳದಲ್ಲಿ ಒಂದು ಸೆ.ಮೀ.ಗೂ ಕಡಿಮೆ ಎತ್ತರಕ್ಕೆ ನಿಲ್ಲುವುದರಿಂದ ತೂತುಗಳ ಮಟ್ಟಕ್ಕೆ ಏರುವ ಭಯವಿಲ್ಲ.

ಹೊತ್ತಿಸಿದೊಡನೆಯೇ ಪಾತ್ರೆಯನ್ನಿಡಬಾರದು. ಅರ್ಧ ನಿಮಿಷ ಕಾದರೆ ದ್ರವವು ಬಿಸಿಯಾಗಿ ಆವಿಯು ಹೆಚ್ಚುವುದು. ಆಗ ಡಬ್ಬಿಯ ಬಾಯಿಯ ಮೇಲೆಯೇ ಪಾತ್ರೆಯನ್ನಿಟ್ಟರೆ ನಡುವಿನ ಉರಿ ಅಡಗಿ, ಆವಿಯು ಪಕ್ಕದ ತೂತುಗಳಿಂದ ಹೊರಟು ದಳದಳವಾಗಿ ಉರಿಯುವುದು. ಪಾತ್ರೆಯ ತಳವು ೧೨ ಸೆ.ಮೀ. ಆದರೂ ಇರಬೇಕು, ಇಲ್ಲವಾದರೆ ಉರಿಯು ಪಕ್ಕಕ್ಕೆ ಹೋಗಿ ವ್ಯರ್ಥವಾಗುವುದು. ಅರ್ಧ ಲೀಟರಿಗೆ ಮೀರಿದ ಭಾರವನ್ನು ಈ ಪುಟ್ಟ ಡಬ್ಬಿಯ ಮೇಲೆ ಹೇರಕೂಡದು. ವಾಲಿದರೆ ಬಿಸಿನೀರೂ ಬೆಂಕಿಯೂ ಒಟ್ಟಿಗೆ ಉರುಳುವುವು. ಗಾಳಿಯು ಈ ಒಲೆಯ ಶತ್ರು. ಅಲ್ಯೂಮಿನಿಯಂ ಹಾಳೆಯನ್ನು ಎರಡು ಮಡಿಕೆ ಮಾಡಿ, ಕೆಳಗಡೆ ಗಾಳಿಗೆ ಕೆಲವು ಕಂಡಿಗಳನ್ನು ಬಿಟ್ಟು, ಪಾತ್ರೆಯ ಸುತ್ತ ಒಂದು ಬೆರಳಿನ ಎಡೆಯಿರುವಂತೆ ಮರೆ ಕಟ್ಟಿದರೆ ಎಂಟು ಹತ್ತು ನಿಮಿಷಗಳಲ್ಲಿ ಅರ್ಧ ಲೀಟರು ನೀರು ಕುದಿಯುವುದು. ಚಳಿಯಲ್ಲಿ ಸ್ಪಿರಿಟ್ಟು ಬೇಗ ಆವಿಯಾಗದು. ಮುಚ್ಚಿದ ಅಳತೆಯ ಸೀಸೆಯನ್ನು ಸ್ವಲ್ಪ ಹೊತ್ತು ಅಂಗಿಯ ಜೇಬಿನಲ್ಲಿಟ್ಟುಕೊಂಡರೆ ಸಾಕು.

ಇಂತಹ ಒಲೆಯಲ್ಲಿ ಹುಳಿ ಸಾರು ಪಲ್ಯಗಳ ಆಸೆಯನ್ನು ಬಿಡಬೇಕು. ನೀರು ಕುದಿಸುವುದೇ ಇದರ ಧರ್ಮ. ಮನೆಯಲ್ಲಿಯೇ ಒಗ್ಗರಣೆ ಹಾಕಿ ಹುರಿದು ತಂದ ರವೆಗೆ ಕುದಿಯುವ ನೀರನ್ನು ಹೊಯ್ದು, ಮುಚ್ಚಿ, ದಪ್ಪ ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷವಿಟ್ಟರೆ ಉಪ್ಪಿಟ್ಟು ತನ್ನ ಶಾಖದಲ್ಲಿಯೇ ಅರಳುವುದು. ಗೊಜ್ಜವಲಕ್ಕಿಗೂ ರಾಗಿಯ ಗಂಜಿಗೂ ಕಾಫಿಗೂ ಇದು ಸಾಕು. ಪಾತ್ರೆಗೆ ಮಸಿ ಹಿಡಿಯದೆಂಬುದು ಗೃಹಿಣಿಯರಿಗೆ ಸಂತೋಷವನ್ನುಂಟುಮಾಡುವ ಗುಣ.

ಈಗ ನಮ್ಮ ತಪ್ಪಿನ ಕಥೆ. ಒಂದು ಪುಷ್ಯಮಾಸದಲ್ಲಿ ತೀರ್ಥಹಳ್ಳಿಯ ಕಡೆಯಿರುವ ನಮ್ಮ ಭಾವಮೈದುನರ ಅಡಿಕೆ ತೋಟದ ಬದಿಯ ಬಯಲಿನಲ್ಲಿ, ಹತ್ತು ವರ್ಷದ ಮೊಮ್ಮಗನೊಡನೆ ಬಿಡಾರ ಹೂಡಿದ್ದೆವು. ಒಲೆಯನ್ನು ನಾವಿಬ್ಬರೂ ಕೂಡಿ ಮಾಡಿದ್ದೆವು. ಹದಿನಾರು ತೂತುಗಳಲ್ಲಿ ಎಂಟು ಅವನದು. ನಡು ಮಧ್ಯಾಹ್ನ. ಅವಲಕ್ಕಿಗೆ ನೀರು ಕಾಯಿತು. ಕಾಫಿಗೆ ಇನ್ನೊಂದು ಸಲ ನೀರಿಟ್ಟು ನೋಡಿದರೆ ಉರಿಯೇ ಕಾಣಲಿಲ್ಲ. ಆರಿತೆಂದು ತಿಳಿದು, ಪಾತ್ರೆಯನ್ನು ಎತ್ತಿ, ಅರ್ಧ ಲೀಟರಿನ ಸೀಸೆಯನ್ನೇ ಬಗ್ಗಿಸಿದೆವು. ಅಳತೆಯ ಸೀಸೆಯು ಚೀಲದಲ್ಲಿಯೇ ಇತ್ತು. ಅದನ್ನು ಹುಡುಕುವಷ್ಟು ತಾಳ್ಮೆ ನಮಗಿರಲಿಲ್ಲ. ಉರಿಯು ಆರಿರಲಿಲ್ಲ. ಬಿಸಿಲಿನಲ್ಲಿ ಕಾಣಿಸಲಿಲ್ಲ, ಅಷ್ಟೆ. ಸುರಿಯುವ ಧಾರೆಯನ್ನು ಹಿಡಿದು ಅದು ಸೀಸೆಯೊಳಕ್ಕೆ ಏರಿತು. ಭುಗ್ಗೆಂದು ಶಬ್ದವಾಯಿತು. ಸೀಸೆಯ ಬಾಯಿಂದ ಹೊರಟ ಜ್ವಾಲೆಯು ಒಂದು ಮಾರು ದೂರಕ್ಕೆ ಚಾಚಿ, ಎದುರಿನ ಚಾಪೆಯನ್ನು ಸುಟ್ಟಿತು.

ಆ ಚಾಪೆಯು ಮೊಮ್ಮಗನು ಕುಳಿತಿದ್ದ ಚಾಪೆ. ಲೋಟಗಳನ್ನು ತೊಳೆದು ತಾರೆಂದು ನಾವು ಅವನನ್ನು ಅದೇ ಆಗ ಕಳುಹಿಸಿದ್ದೆವು. ಹಾಗೆ ಕಳುಹಿಸಿದ್ದು ನಮ್ಮ ಜಾಣತನದಿಂದಲ್ಲ. ಲೋಟಗಳು ಎಂಜಲಾಗಿದ್ದುವು, ಅಷ್ಟೇ.

ನಮ್ಮ ಬಲಗೈಯ ಮೂರು ಬೆರಳುಗಳೂ ಮುಂಗೈಯೂ ಬೆಂದುವು. ಕೂಗನ್ನು ಕೇಳಿ ಓಡಿಬಂದ ಭಾವಮೈದುನರು ತೋಟದ ನೀರಿನ ಕೊಳವೆಯ ಕೆಳಗೆ ಕೈಯನ್ನು ಹಿಡಿಸಿ ಇಪ್ಪತ್ತು ನಿಮಿಷ ಬಿಡಲಿಲ್ಲ. ಬೆಣ್ಣೆ ಹಚ್ಚಬೇಕೆಂದು ಒಬ್ಬರು, ಹಲ್ಲುಜ್ಜುವ ಪೇಸ್ಟನ್ನು ಬಳಿಯಬೇಕೆಂದು ಇನ್ನೊಬ್ಬರು. ಎರಡನ್ನೂ ಮಾಡದೆ ವೈದ್ಯರಲ್ಲಿಗೆ ಹೋದೆವು. ತಣ್ಣೀರಿನಿಂದಲೇ ಕೈ ಉಳಿಯಿತೆಂದು ಅವರು ಹೇಳಿದರು. ಒಂದು ತಿಂಗಳು ಲೇಖನಿ ಹಿಡಿಯಲಾಗಲಿಲ್ಲ. ಅಂದು ರಾತ್ರಿ ಹುಡುಗನು ಹಾಸಿಗೆಯಲ್ಲಿ ಹೊರಳಿ, “ಅಜ್ಜಾ, ಬೆಂಕಿ ಇರೋದು ನನಗೂ ಕಾಣ್ತಿರಲಿಲ್ಲ” ಎಂದನು. ನಮ್ಮನ್ನು ಸಮಾಧಾನಪಡಿಸಬೇಕೆಂದು ಅವನು ಹೇಳಿದ ಆ ಮಾತೇ ನಮಗೆ ಬೆಂದ ಕೈಗಿಂತ ಹೆಚ್ಚು ನೋವನ್ನು ಕೊಟ್ಟಿತು.

ಅರೆಬರಿದಾದ ಸೀಸೆಯಲ್ಲಿ ಮದ್ಯಸಾರದ ಆವಿಯೂ ಗಾಳಿಯೂ ಬೆರೆತಿರುವುವು. ಬೆಂಕಿ ತಗುಲಿದೊಡನೆ ಆ ಮಿಶ್ರಣವು ಒಮ್ಮೆಲೇ ಹೊತ್ತಿ, ಉಳಿದ ದ್ರವವನ್ನು ಬಾಯಿಂದ ಉಗುಳುವುದು. ಸುರಿಯುವವನಿಗಿಂತ ಎದುರಿನಲ್ಲಿ ಕುಳಿತವರಿಗೇ ಅಪಾಯ ಹೆಚ್ಚು. ಆದುದರಿಂದ ನಾವು ಈಗ ಪಾಲಿಸುವ ಕಟ್ಟಳೆಗಳನ್ನು ಹೇಳುವೆವು. ದೊಡ್ಡ ಸೀಸೆಯನ್ನು ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಮುಚ್ಚಿಡುವುದು. ಒಂದು ಸಲಕ್ಕೆ ಬೇಕಾದ ೨೦ ಮಿ.ಲೀ.ಅನ್ನು ಮಾತ್ರ ಅಳತೆಯ ಸೀಸೆಯಲ್ಲಿ ತರುವುದು. ಒಲೆಯು ಮುಟ್ಟಲಾಗುವಷ್ಟು ತಣ್ಣಗಾಗುವವರೆಗೆ, ಏನೇ ಆದರೂ, ಮತ್ತೆ ತುಂಬದಿರುವುದು. ಆರಿತೋ ಇಲ್ಲವೋ ಎಂಬುದನ್ನು ಕಣ್ಣಿಂದ ನಿರ್ಣಯಿಸದೆ, ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಅಂಗೈಯನ್ನು ಹಿಡಿದು ಶಾಖವನ್ನು ನೋಡುವುದು. ಆರಿಸಲು ಊದದೆ, ಒಲೆಯು ಪೂರ್ಣವಾಗಿ ಮುಚ್ಚುವಂತಹ ಲೋಹದ ಪಾತ್ರೆಯನ್ನು ಕವುಚುವುದು. ಮಕ್ಕಳನ್ನು ಒಂದು ಮಾರಿಗಿಂತ ಹತ್ತಿರಕ್ಕೆ ಬಿಡದಿರುವುದು. ಗುಡಾರದ ಒಳಗೆ ಎಂದಿಗೂ ಹೊತ್ತಿಸದಿರುವುದು. ಬಟ್ಟೆಗೆ ಬೆಂಕಿ ಹತ್ತುವುದಲ್ಲದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವೂ ಅಲ್ಲಿ ತುಂಬಬಹುದು.

ಸ್ಪಿರಿಟ್ಟಿನ ವಿಷಯದಲ್ಲಿಯೂ ಎರಡು ಮಾತು. ಒಲೆಗೆ ಬಳಸುವ ಸ್ಪಿರಿಟ್ಟಿಗೆ ಕುಡಿಯಬಾರದೆಂದೇ ವಿಷಪದಾರ್ಥಗಳನ್ನು ಸೇರಿಸಿರುತ್ತಾರೆ. ಅದರಲ್ಲಿ ಮಿಥೈಲ್ ಮದ್ಯಸಾರವಿರಬಹುದು. ಅದು ಹೊಟ್ಟೆಗೆ ಹೋದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯುವುದು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಇಂತಹ ವಿಷ ಬೆರೆತ ಹೆಂಡದಿಂದ ಮುನ್ನೂರಕ್ಕೂ ಹೆಚ್ಚು ಜನರು ಸತ್ತುದನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಆದುದರಿಂದ ಇದನ್ನು ನೀರಿನ ಬಾಟಲಿಯಲ್ಲಿ ತುಂಬಿಡುವುದು ಮಹಾಪರಾಧ. ಬೇರೆ ಆಕಾರದ ಸೀಸೆಯಲ್ಲಿಟ್ಟು, ಹೆಸರು ಬರೆದು, ಬೀಗದೊಳಗಿಡಬೇಕು. ಅಬಕಾರಿ ನಿಯಮಗಳಿಗೆ ಒಳಪಟ್ಟ ಪದಾರ್ಥವಾದ್ದರಿಂದ ಪರವಾನಗಿಯುಳ್ಳ ಅಂಗಡಿಯಲ್ಲಿ, ನಿಯಮ ಒಪ್ಪುವಷ್ಟನ್ನೇ ಕೊಳ್ಳತಕ್ಕದ್ದು. ರೈಲಿನಲ್ಲಿ ಒಯ್ಯಕೂಡದು, ೧೯೮೯ರ ರೈಲ್ವೆ ಕಾಯಿದೆಯು ಅಪಾಯಕರ ವಸ್ತುಗಳನ್ನು ಒಯ್ಯುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ.

ಒಲೆಯು ಚಿಕ್ಕದೆಂದು ಕಾಡಿನಲ್ಲಿ ಬಳಸಲು ಅಪ್ಪಣೆಯಿದೆಯೆಂದು ಭಾವಿಸಬಾರದು. ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು ಅಪರಾಧ. ಉರುಳಿದರೆ ಹರಿಯುವ ಬೆಂಕಿ ಇದು. ತಿರುಗಿಸಿ ಆರಿಸುವ ಕವಾಟವೂ ಇದಕ್ಕಿಲ್ಲ. ಆ ಕಾರಣದಿಂದಲೇ ಅಮೆರಿಕದ ಪಶ್ಚಿಮ ಭಾಗದ ಅನೇಕ ಅರಣ್ಯಗಳಲ್ಲಿ ಒಣಗಾಲದಲ್ಲಿ ಇಂತಹ ಒಲೆಗಳನ್ನು ನಿಷೇಧಿಸುತ್ತಾರೆ. ಮಾಘ ಕಳೆದ ಮೇಲೆ ನಮ್ಮ ಘಟ್ಟದ ಹುಲ್ಲುಗಾವಲುಗಳು ಎಷ್ಟು ಒಣಗಿರುತ್ತವೆಂಬುದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಸ್ವಂತ ತೋಟ, ಒಡೆಯರು ಒಪ್ಪಿದ ಬಯಲು, ಹುಲ್ಲು ಕೆರೆದ ನೆಲ, ಪಕ್ಕದಲ್ಲಿ ಒಂದು ಕೊಡ ನೀರು. ಇವಿದ್ದಲ್ಲಿ ಮಾತ್ರ ಈ ಒಲೆ.

ಇಷ್ಟೆಲ್ಲ ಅಪಾಯವಿದ್ದರೆ ಈ ಗೊಡವೆಯೇ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆಯವರೂ ಹಾಗೆಯೇ ಕೇಳಿ ಡಬ್ಬಿಯನ್ನು ತಿಪ್ಪೆಗೆಸೆಯಲು ಹೊರಟಿದ್ದರು. ಮೊಮ್ಮಗನು ಬೆಂಕಿಗೆ ಹೆದರಿ ಬೆಳೆಯುವುದೂ ಬೇಡ, ಹೆದರದೆ ಬೆಳೆಯುವುದೂ ಬೇಡವೆಂದು ಹೇಳಿ ನಾವು ಅವರನ್ನು ಒಪ್ಪಿಸಿದೆವು. ಅವರು ಒಂದು ಕರಾರಿನ ಮೇಲೆ ಒಪ್ಪಿದರು. ದೊಡ್ಡ ಸೀಸೆಯು ಈಗ ಅವರ ಬೀಗದಲ್ಲಿದೆ. ಬಿಡಾರಕ್ಕೆ ಹೊರಡುವಾಗ ಎಷ್ಟು ಸಲ ನೀರು ಕಾಯಿಸುವಿರೆಂದು ಕೇಳಿ, ಸಲಕ್ಕೆ ಇಪ್ಪತ್ತರಂತೆ ಅಳೆದು, ಅಷ್ಟೇ ಪುಟ್ಟ ಸೀಸೆಗಳನ್ನು ತುಂಬಿಕೊಡುತ್ತಾರೆ. ಕಳೆದ ಸಲ ನಾವು ಐದು ಕೇಳಿದೆವು, ನಾಲ್ಕನ್ನು ಕೊಟ್ಟರು. ನಾಲ್ಕೇ ಸಾಕಾದುವು.

ಬೆಂಕಿಯ ಶೇಷವನ್ನು ಉಳಿಸಬಾರದೆಂಬುದು ಹಿರಿಯರ ಮಾತು. ಈ ಒಲೆಯನ್ನು ಮಾಡುವ ಗೃಹಸ್ಥರು ಅಳತೆ ಮೀರದೆಯೂ, ಆತುರಪಡದೆಯೂ, ಕಣ್ಣನ್ನು ಮಾತ್ರ ನಂಬದೆಯೂ ಬಳಸಿ, ಮಕ್ಕಳಿಗೆ ಬಿಸಿ ಉಪ್ಪಿಟ್ಟನ್ನೂ ಒಳ್ಳೆಯ ಅಭ್ಯಾಸವನ್ನೂ ಒಟ್ಟಿಗೆ ಬಡಿಸಲೆಂದು ನಮ್ಮ ಬಿನ್ನಹ.