ತಾತಗುಣಿಯ ಪರಿಮಳದ ತೋಟ

ಬೆಂಗಳೂರಿನಿಂದ ಕನಕಪುರ ರಸ್ತೆಯಲ್ಲಿ ಸಾಗುವವರಿಗೆ ತಾತಗುಣಿ ಎಸ್ಟೇಟಿನ ಹೆಸರು ಹೊಸದೇನಲ್ಲ. ರಷ್ಯಾದ ಕಲಾವಿದ ಸ್ವೆತೋಸ್ಲಾವ್ ರೋರಿಕ್ ಹಾಗೂ ಹಿಂದಿ ಚಿತ್ರರಂಗದ ಮೊದಲ ತಲೆಮಾರಿನ ತಾರೆ ದೇವಿಕಾರಾಣಿ ಬಾಳಿದ ಜಾಗವಿದು ಎಂಬುದೂ ಹಲವರಿಗೆ ಗೊತ್ತು. ಆದರೆ ಸುಮಾರು 468 ಎಕರೆಯ ಈ ತೋಟದಲ್ಲಿ ಅವರು ಬೆಳೆಸಿದ್ದೇನು, ಆ ಬೆಳೆಗೂ ಮುಂದೆ ಸುಪ್ರೀಂ ಕೋರ್ಟಿನವರೆಗೆ ನಡೆದ ವ್ಯಾಜ್ಯಕ್ಕೂ ಏನು ಸಂಬಂಧ ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

1934ರಲ್ಲಿ ಹಿಮಾಂಶು ರಾಯ್ ಜತೆಗೂಡಿ ಬಾಂಬೆ ಟಾಕೀಸ್ ಕಟ್ಟಿದ ದೇವಿಕಾರಾಣಿ, 1940ರಲ್ಲಿ ಪತಿಯನ್ನು ಕಳೆದುಕೊಂಡ ಮೇಲೆ ಕೆಲ ವರ್ಷ ಸಂಸ್ಥೆಯ ಹೊಣೆಯನ್ನೂ ಹೊತ್ತರು. 1945ರಲ್ಲಿ ಚಿತ್ರರಂಗಕ್ಕೆ ವಿದಾಯ ಹೇಳಿ ರೋರಿಕ್ ಅವರ ಕೈಹಿಡಿದರು. ಹಿಮಾಲಯದ ಮಡಿಲಿನಲ್ಲಿ ಕೆಲಕಾಲ ಇದ್ದ ದಂಪತಿ ನಂತರ ಬೆಂಗಳೂರಿಗೆ ಬಂದರು. ನಗರದ ಗದ್ದಲದಿಂದ ದೂರವಿದ್ದ ತಾತಗುಣಿ ಅವರ ನೆಲೆಯಾಯಿತು.

ಇಲ್ಲಿನ ಮುಖ್ಯ ಬೆಳೆ ಲಿನಾಲೋ. ಮೆಕ್ಸಿಕೋ ಮೂಲದ ಈ ಮರ ನಮ್ಮ ಗುಗ್ಗುಳದ ಕುಟುಂಬಕ್ಕೇ ಸೇರಿದ್ದು. ಹೆಚ್ಚು ನೀರು ಬೇಡದ, ಎಲೆ ಉದುರಿಸುವ ಮರವಾದ್ದರಿಂದ ಬೆಂಗಳೂರಿನ ಸುತ್ತಲ ಒಣಭೂಮಿಗೆ ಇದು ಹೊಂದಿಕೊಂಡಿತು. ಗಂಡು ಮರ, ಹೆಣ್ಣು ಮರ ಬೇರೆಬೇರೆ. ಕಾಯಿ ಬಿಡುವುದು ಹೆಣ್ಣು ಮರವೇ ಆದ್ದರಿಂದ ಅದರ ಕೊಂಬೆಗಳನ್ನು ಕತ್ತರಿಸಿ ನೆಟ್ಟು ತೋಟ ಎಬ್ಬಿಸುವುದು ರೂಢಿ. ಮೆಕ್ಸಿಕೋದಲ್ಲಿ ಮರ ಕಡಿದು ತೊಗಟೆ, ದಿಮ್ಮಿಗಳಿಂದ ಎಣ್ಣೆ ತೆಗೆಯುತ್ತಿದ್ದರೆ, ಇಲ್ಲಿ ಕಾಯಿಯ ಸಿಪ್ಪೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಹೀಗಾಗಿ ಮರ ಉಳಿಯುತ್ತದೆ, ಫಸಲೂ ಸಿಗುತ್ತದೆ. ಲ್ಯಾವೆಂಡರ್ ಹೋಲುವ ಪರಿಮಳದ ಈ ಎಣ್ಣೆಗೆ ಸುಗಂಧದ್ರವ್ಯ ಮತ್ತು ಸಾಬೂನು ತಯಾರಿಕೆಯಲ್ಲಿ ಬೇಡಿಕೆಯಿದೆ.

ಇಷ್ಟು ದೊಡ್ಡ ಹಿಡುವಳಿ ಭೂಸುಧಾರಣೆಯ ಕಾಲದಲ್ಲೂ ಉಳಿದದ್ದು ಹೇಗೆ? ಉತ್ತರ ಇದೇ ಮರದಲ್ಲಿದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆ ಕಾಫಿ, ಚಹಾ, ರಬ್ಬರ್, ಏಲಕ್ಕಿಯಂಥ ತೋಟದ ಬೆಳೆಗಳನ್ನು ಭೂಮಿತಿಯಿಂದ ಹೊರಗಿಟ್ಟಿತ್ತು. ಲಿನಾಲೋ ಬೆಳೆಯುವ ಜಮೀನಿಗೂ ಸರ್ಕಾರ ವಿಶೇಷ ವಿನಾಯಿತಿ ನೀಡಿತ್ತು. ಆ ವಿನಾಯಿತಿಯನ್ನು 1994ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಅಷ್ಟರಲ್ಲಿ ತೋಟದ ಯಜಮಾನರ ಕಾಲವೂ ಮುಗಿಯುತ್ತ ಬಂದಿತ್ತು. 1993ರ ಜನವರಿ 30ರಂದು ರೋರಿಕ್, 1994ರ ಮಾರ್ಚ್ 9ರಂದು ದೇವಿಕಾರಾಣಿ ನಿಧನರಾದರು. ದಂಪತಿಗೆ ಮಕ್ಕಳಿರಲಿಲ್ಲ. ನಗರ ಬೆಳೆದು ಭೂಮಿಯ ಬೆಲೆ ಏರುತ್ತಿದ್ದ ದಿನಗಳವು. ಎಸ್ಟೇಟಿನ ಒಂದು ಭಾಗವನ್ನು ದಂಪತಿಯಿಂದಲೇ ಕ್ರಯಕ್ಕೆ ಪಡೆದಿರುವುದಾಗಿ ಖಾಸಗಿ ಕಂಪೆನಿಯೊಂದು ಹಕ್ಕು ಮಂಡಿಸಿತು.

ದಂಪತಿಯ ಸಮಾಧಿ, ಬೆಲೆಬಾಳುವ ಮರಗಳು, ವರ್ಣಚಿತ್ರಗಳು ಮತ್ತು ಕಲಾವಸ್ತುಗಳನ್ನು ಕಾಪಾಡಿ ಕಲಾ ಗ್ಯಾಲರಿ ಹಾಗೂ ವಸ್ತುಸಂಗ್ರಹಾಲಯ ಸ್ಥಾಪಿಸುವ ಉದ್ದೇಶದಿಂದ ರಾಜ್ಯ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆಯ ಮೂಲಕ ಎಸ್ಟೇಟನ್ನು ಸ್ವಾಧೀನಪಡಿಸಿಕೊಂಡಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂತು. 2011ರ ಆಗಸ್ಟ್ 9ರಂದು ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲದಿದ್ದರೂ, ಸರ್ಕಾರ ಯಾರದೇ ಆಸ್ತಿಯನ್ನು ಕಾನೂನಿನ ಬಲವಿಲ್ಲದೆ ಕಸಿಯುವಂತಿಲ್ಲ ಎಂಬ 300-ಎ ವಿಧಿಯ ವಿವರಣೆಗಾಗಿ ದೇಶದ ನ್ಯಾಯಾಲಯಗಳು ಇಂದಿಗೂ ಈ ತೀರ್ಪಿನತ್ತ ನೋಡುತ್ತವೆ.

ಕಾಗದದ ಮೇಲೆ ತೋಟ ಉಳಿಯಿತು. ಆದರೆ ಮರಕ್ಕೆ ಬೇಕಾದದ್ದು ತೀರ್ಪಷ್ಟೇ ಅಲ್ಲ. ಒಣಗಿದ ಕೊಂಬೆ ಸವರಿ, ಸತ್ತ ಮರದ ಜಾಗದಲ್ಲಿ ಹೊಸ ಕೊಂಬೆ ನೆಟ್ಟು, ಕಾಯಿ ಆರಿಸುವ ಕೈಗಳೂ ಬೇಕು. ಮಕ್ಕಳಿಲ್ಲದ ದಂಪತಿಯ ತೋಟಕ್ಕೆ ಈಗ ನಾಡೇ ವಾರಸುದಾರ. ಆ ಕೆಲಸದ ಹೊಣೆಯೂ ನಾಡಿನದೇ.