ಮುತ್ತಜ್ಜಿಯ ಹೆಸರೇನು?

ಸದಸ್ಯರೊಬ್ಬರು ತೀರಿಕೊಂಡಾಗ ಅವರ ಷೇರು ಹಣ, ಠೇವಣಿ, ಸಾಲದ ಬಾಕಿ ಯಾರ ಹೆಸರಿಗೆ ಹೋಗಬೇಕೆಂದು ಗೊತ್ತುಮಾಡಲು ಸಂಘದ ಕಚೇರಿಗೆ ಒಂದು ಕಾಗದ ಬರುತ್ತದೆ. ಅದೇ ವಂಶವೃಕ್ಷ. ಹೋದ ಮಳೆಗಾಲದಲ್ಲಿ ಅಂಥದೊಂದು ಕಾಗದ ನಮ್ಮ ಮೇಜಿನ ಮೇಲೆ ಬಂದು ಕೂತಿತ್ತು. ಮೃತರ ಹೆಸರು, ಕೆಳಗೆ ಮೂವರು ಗಂಡುಮಕ್ಕಳ ಹೆಸರು, ಸಾಕ್ಷಿಗಳ ರುಜು, ಎಲ್ಲವೂ ಕ್ರಮವಾಗಿತ್ತು. ಒಂದೇ ಕೊರತೆ. ಆ ಮನೆಯ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲಿ ಊಟ ಮಾಡಿ ಬಂದವರು ನಾವು. ಅವರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಕಾಗದವನ್ನು ಹಿಂದಕ್ಕೆ ಕಳಿಸಿದೆವು. ಮನೆಯ ಹಿರಿಮಗನಿಗೆ ಸಿಟ್ಟು ಬಂತು. "ಅವರಿಬ್ಬರೂ ಕೊಟ್ಟ ಮನೆ ಸೇರಿಕೊಂಡವರು ಸಾರ್, ನಮ್ಮ ವಂಶದಲ್ಲಿ ಬರೋದಿಲ್ಲ" ಎಂದರು. ಮೋಸ ಮಾಡಬೇಕೆಂಬ ಉದ್ದೇಶ ಅವರಿಗೆ ಇರಲಿಲ್ಲ. ವಂಶವೆಂದರೆ ಗಂಡುಮಕ್ಕಳ ಸಾಲು ಎಂದೇ ಅವರು ನಂಬಿದ್ದರು. ಈ ನಂಬಿಕೆಯ ವಿಷಯವಾಗಿ ನಾಲ್ಕು ಮಾತು ಬರೆಯೋಣವೆಂದು ಆಗಲೇ ಅನ್ನಿಸಿತ್ತು. ಬರೆಯಲು ದಾರಿ ತೋರಿಸಿದ್ದು ಮಾತ್ರ ಒಂದು ಟೆಲಿವಿಷನ್ ಕಾರ್ಯಕ್ರಮ.

ಗ್ಲಾಸ್ಗೋದಿಂದ ಬೆಂಗಳೂರಿಗೆ

ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ 2004ರಲ್ಲಿ 'ಹೂ ಡು ಯು ಥಿಂಕ್ ಯು ಆರ್' ಎಂಬ ಮಾಲಿಕೆಯನ್ನು ಆರಂಭಿಸಿತು. 'ನೀನು ಯಾರೆಂದು ತಿಳಿದಿದ್ದೀಯೆ?' ಎಂದು ಅದರ ಅರ್ಥ. ನಟರು, ಆಟಗಾರರು, ಹಾಡುಗಾರರು ಮುಂತಾದ ಹೆಸರಾಂತ ವ್ಯಕ್ತಿಯೊಬ್ಬರನ್ನು ಕರೆದು, ದಾಖಲೆಗಳ ಜಾಡು ಹಿಡಿದು ಅವರ ಹಿಂದಿನ ತಲೆಮಾರುಗಳನ್ನು ಒಂದೊಂದಾಗಿ ಅವರ ಕಣ್ಣೆದುರಿಗೆ ತರುವುದೇ ಅದರ ಕ್ರಮ. ಅಮೆರಿಕದಲ್ಲಿ 1977ರಲ್ಲಿ ಅಲೆಕ್ಸ್ ಹೇಲಿಯವರ 'ರೂಟ್ಸ್' ಗ್ರಂಥ ಟೆಲಿವಿಷನ್ನಿನಲ್ಲಿ ಬಂದಾಗಿನಿಂದಲೇ ಬೇರು ಹುಡುಕುವ ಈ ಹಂಬಲ ಆ ದೇಶಗಳಲ್ಲಿ ಬೆಳೆಯಿತೆನ್ನಬಹುದು.

2014ರಲ್ಲಿ ಈ ಮಾಲಿಕೆಗೆ ಬಂದವರು ಸ್ಕಾಟ್ಲೆಂಡಿನ ಪ್ರಖ್ಯಾತ ಹಾಸ್ಯಗಾರ ಬಿಲ್ಲಿ ಕಾನೊಲಿ. 1942ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ತಾಯಿ ಮನೆ ಬಿಟ್ಟು ಹೋದದ್ದರಿಂದ ಸೋದರತ್ತೆಯರ ಆಶ್ರಯದಲ್ಲಿ ಬೆಳೆದರು. ತಾಯಿಯೇ ಕೈಬಿಟ್ಟ ಮಗನಿಗೆ ತಾಯಿಯ ವಂಶ ತಾನೇ ಎಷ್ಟು ತಿಳಿದೀತು? ಆದರೆ ಬೆರಗಿನ ಸಂಗತಿ ಹೊರಬಿದ್ದದ್ದು ಆ ಕಡೆಯಿಂದಲೇ.

ಅವರ ತಾಯಿಯ ಕಡೆಯ ಪೂರ್ವಜನೊಬ್ಬ ಜಾನ್ ಒಬ್ರಿಯನ್ ಎಂಬ ಐರಿಷ್ ಸಿಪಾಯಿ. 1857ರ ದಂಗೆಯ ಕಾಲದಲ್ಲಿ ಲಕ್ನೋದಲ್ಲಿ ಹೋರಾಡಿ ಗಾಯಗೊಂಡವನು. ಮುಂದೆ ಮಟಿಲ್ಡಾ ಎಂಬ ಹುಡುಗಿಯನ್ನು ಮದುವೆಯಾಗಿ ನಮ್ಮ ಬೆಂಗಳೂರಿನಲ್ಲೇ ಸಂಸಾರ ಹೂಡಿದ. ನಾಲ್ಕು ಮಕ್ಕಳಾದವು. ಮಟಿಲ್ಡಾಳಿಗೆ ಮದುವೆಯ ವೇಳೆಗೆ 13 ವರ್ಷ. ಭಾರತೀಯ ರಕ್ತ ಆ ವಂಶಕ್ಕೆ ಬಂದದ್ದು ಆಕೆಯಿಂದ. ಗ್ಲಾಸ್ಗೋದ ಹಾಸ್ಯಗಾರನ ಬೇರು ಹೀಗೆ ಬೆಂಗಳೂರಿನ ದಂಡಿನ ಪೇಟೆಯವರೆಗೆ ಹಬ್ಬಿತ್ತು. ತನ್ನ ಮೈಯಲ್ಲಿ ನಮ್ಮ ದೇಶದ ಪಾಲೂ ಇದೆಯೆಂಬುದು ಅವರಿಗೆ ಗೊತ್ತಾದಾಗ ವಯಸ್ಸು ಎಪ್ಪತ್ತು ದಾಟಿತ್ತು.

ಇದನ್ನು ನೋಡಿದ ಮೇಲೆ ನಮ್ಮನ್ನು ಕಾಡಿದ ಪ್ರಶ್ನೆ ಒಂದೇ. ನೂರೈವತ್ತು ವರ್ಷದ ಹಿಂದಿನ ಒಬ್ಬ 13 ವರ್ಷದ ಹುಡುಗಿಯ ಹೆಸರು ಉಳಿದದ್ದು ಹೇಗೆ? ಆಕೆ ರಾಣಿಯಲ್ಲ, ಜಮೀನಿನ ಒಡತಿಯಲ್ಲ. ಉಳಿದದ್ದು ಯಾರೋ ಬರೆದಿಟ್ಟಿದ್ದರಿಂದ. ಕಂಪನಿ ಮತ್ತು ಬ್ರಿಟಿಷ್ ಸರ್ಕಾರದ ಕಾಲದಲ್ಲಿ ಇಲ್ಲಿಯ ಚರ್ಚುಗಳಲ್ಲಿ ನಡೆದ ನಾಮಕರಣ, ಮದುವೆ, ಸಂಸ್ಕಾರಗಳ ಲೆಕ್ಕದ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಇಂದಿಗೂ ಅವು ಅಲ್ಲಿಯ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಮದುವೆಯ ಪುಸ್ತಕದಲ್ಲಿ ಗಂಡಿನ ಹೆಸರಿನ ಪಕ್ಕದಲ್ಲಿ ಹೆಣ್ಣಿನ ಹೆಸರನ್ನೂ ಬರೆಯಲೇಬೇಕಷ್ಟೆ. ಆ ಒಂದು ಸಾಲೇ ಮುಂದಿನ ತಲೆಮಾರಿಗೆ ಊರುಗೋಲಾಯಿತು.

ನಮ್ಮಲ್ಲಿ ಇಲ್ಲವೆಂದಲ್ಲ

ವಂಶ ಹೇಳುವ ವಿದ್ಯೆ ನಮಗೆ ಹೊಸದಲ್ಲ. ಹರಿದ್ವಾರದ ಪಂಡಾಗಳ ವಹಿಗಳಲ್ಲಿ ಯಾತ್ರಿಕರ ಹತ್ತಾರು ತಲೆಮಾರಿನ ಹೆಸರುಗಳಿವೆ. ನಮ್ಮ ನಾಡಿನಲ್ಲಿ ಹೆಳವರಿದ್ದಾರೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು, ಸುಗ್ಗಿಯಾದ ಮೇಲೆ ಊರಿಗೆ ಬಂದು, ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಮಗುವಿನವರೆಗೆ ವಂಶಾವಳಿ ಒಪ್ಪಿಸುತ್ತಿದ್ದವರು ಅವರು. ಮೂಲ ಯಾವ ಊರು, ಯಾವ ಬರಗಾಲದಲ್ಲಿ ಎಲ್ಲಿಂದ ಎಲ್ಲಿಗೆ ಬಂದರು, ಮನೆದೇವರು ಯಾವುದು ಎಂಬುದೆಲ್ಲ ಅವರ ನಾಲಗೆಯ ಮೇಲಿರುತ್ತಿತ್ತು. ಕಾಳು, ಬಟ್ಟೆ, ದಕ್ಷಿಣೆ ಪಡೆದು ಮುಂದಿನ ಮನೆಗೆ ಹೋಗುವರು. ಈಗ ಉತ್ತರ ಕರ್ನಾಟಕದ ಕಡೆ ಇನ್ನೂ ಕಾಣಸಿಗುತ್ತಾರೆ. ನಮ್ಮ ಸೀಮೆಯಲ್ಲಿ ಅಪರೂಪ. ಅವರು ಹೇಳುತ್ತಿದ್ದದ್ದೂ ಹೆಚ್ಚಾಗಿ ಗಂಡಸರ ಸಾಲನ್ನೇ.

ಹೆಸರಿನ ಮುಂದಿನ ಇನಿಷಿಯಲ್ಲೂ ಒಂದು ಚಿಕ್ಕ ವಂಶಾವಳಿಯೇ. ಕಾದಂಬರಿಕಾರ ಅ.ನ. ಕೃಷ್ಣರಾಯರು 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. ಆದರೂ ಅವರ ಹೆಸರಿನ ಮೊದಲ 'ಅ' ನಮ್ಮ ಅರಕಲಗೂಡು. 'ನ' ತಂದೆ ನರಸಿಂಗರಾಯರು. ಕಾವೇರಿ ತೀರದ ನಮ್ಮ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿ ಸಂಗೀತ ಲೋಕದಲ್ಲಿ ಊರಿನ ಹೆಸರನ್ನು ಮೆರೆಸಿದ ಆರ್.ಕೆ. ಶ್ರೀಕಂಠನ್ ಅವರದೂ ಹಾಗೆಯೇ. ರುದ್ರಪಟ್ಟಣ ಊರು, ಕೃಷ್ಣಶಾಸ್ತ್ರಿಗಳು ತಂದೆ. ಯಾವ ದಫ್ತರವನ್ನೂ ತೆಗೆಯದೆ ಎರಡಕ್ಷರದಲ್ಲಿ ಊರು ಮತ್ತು ತಂದೆ ಎರಡೂ ತಿಳಿದುಬಿಡುತ್ತವೆ. ತಾಯಿಗೆ ಮಾತ್ರ ಅಲ್ಲಿ ಒಂದಕ್ಷರದ ಜಾಗವೂ ಇಲ್ಲ.

ಹಿಂದಿನಿಂದಲೂ ಹೀಗೇ ಇತ್ತೆ ಎಂದರೆ, ಇರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಿ ನೋಡಬಹುದು. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ, ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದನ್ನು ಅಲ್ಲಿಯ ಶಾಸನ ಹೇಳುತ್ತದೆ. ತಂದೆ ಮಾರಸಿಂಗಯ್ಯನ ಹೆಸರಿನ ಜೊತೆಗೆ ತಾಯಿಯ ಹೆಸರೂ ಕಲ್ಲಿನಲ್ಲಿದೆ. ಅರಮನೆಯ ಸಂಬಂಧ ಇದ್ದುದರಿಂದ ಕೆತ್ತಿದರೆಂದು ಹೇಳಬಹುದು. ಆದರೂ ಸುಮಾರು 900 ವರ್ಷದ ಹಿಂದೆ ನಮ್ಮ ಜಿಲ್ಲೆಯ ಕಲ್ಲುಕುಟಿಗ ಉಳಿ ಹಿಡಿದು ಮಾಡಿದ ಕೆಲಸವನ್ನು ನಾವು ಲೇಖನಿ ಹಿಡಿದೂ ಮಾಡುತ್ತಿಲ್ಲ.

ನಮ್ಮ ಮನೆಯ ಕಥೆ

ಬೇರೆಯವರ ಕಾಗದವನ್ನು ಹಿಂದಕ್ಕೆ ಕಳಿಸಿದ ನಾವು ಅಷ್ಟಕ್ಕೇ ಬೀಗುವಂತಿರಲಿಲ್ಲ. ಕಾರ್ಯಕ್ರಮ ನೋಡಿದ ರಾತ್ರಿ ಮಗಳು ಒಂದು ಹಾಳೆ ತಂದು, "ನಮ್ಮ ಮನೇದೂ ಬರೆಯೋಣ ಬನ್ನಿ ಅಪ್ಪ" ಎಂದು ಕೂತಳು. ಗಂಡಸರ ಸಾಲು ಐದು ತಲೆಮಾರು ಸರಾಗವಾಗಿ ಹೋಯಿತು. ಹೆಂಗಸರ ಕಡೆ ಅಜ್ಜಿಯವರೆಗೆ ಬಂದು ನಿಂತಿತು. "ನಿಮ್ಮ ತಾತನ ಅಮ್ಮನ ಹೆಸರೇನು?" ಎಂದಳು. ಗೊತ್ತಿರಲಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಆ ಹಿರಿಯಳಿಗೂ ಸೇರಿಸಿಯೇ ಎಡೆ ಇಡುತ್ತೇವೆ. ಆದರೆ ಹೆಸರು ಹಿಡಿದು ಕರೆಯುವ ಅಗತ್ಯವೇ ಒಂದು ದಿನವೂ ಬಿದ್ದಿರಲಿಲ್ಲ.

ಹೊಳೆನರಸೀಪುರಕ್ಕೆ ಕೊಟ್ಟಿರುವ ನಮ್ಮ ಸೋದರತ್ತೆಯನ್ನು ಕೇಳಿದೆವು. ತೊಂಬತ್ತರ ಹತ್ತಿರದ ವಯಸ್ಸು. ಅವರು ನಕ್ಕು ಹೇಳಿದರು: "ನಂಗೆ ಇಕ್ಕಿರೋದೇ ಅವರ ಹೆಸರು ಕಣಪ್ಪ."

ಆಗ ತಿಳಿಯಿತು. ಮುತ್ತಜ್ಜಿಗೆ ಹೊಸಕೋಟೆ ಕೆಂಚಮ್ಮನ ಹೆಸರು. ಮೊಮ್ಮಗಳು ಹುಟ್ಟಿದಾಗ ಅದೇ ಹೆಸರನ್ನು ಇಟ್ಟರು. ಆದರೆ ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲವಲ್ಲ! ಆದ್ದರಿಂದ ತೊಟ್ಟಿಲಲ್ಲಿ ಇಟ್ಟ ಹೆಸರು ತೊಟ್ಟಿಲಿಗೇ ಆಯಿತು. ಮಗುವನ್ನು 'ಪುಟ್ಟಿ' ಎಂದು ಕರೆದರು. ನಮಗೂ ಅವರು ಇಂದಿನವರೆಗೆ ಪುಟ್ಟತ್ತೆ. ಗೌರವಕ್ಕಾಗಿ ಬಾಯಲ್ಲಿ ಆಡದ ಹೆಸರು, ಬರೆದಿಡುವವರೂ ಇಲ್ಲದೆ ಮರೆತೇ ಹೋಗುವುದರಲ್ಲಿತ್ತು. ಇನ್ನು ಐದಾರು ವರ್ಷ ತಡಮಾಡಿದ್ದರೆ ಯಾರನ್ನು ಕೇಳುತ್ತಿದ್ದೆವು? ಮುತ್ತಜ್ಜಿ ಮದುವೆಯಾಗಿ ಬಂದಾಗ ಆಕೆಗೂ ಹನ್ನೆರಡೋ ಹದಿಮೂರೋ ವರ್ಷವಂತೆ. ಮಟಿಲ್ಡಾಳ ಓರಗೆಯೇ.

ಭಾವನೆಯ ಮಾತಷ್ಟೇ ಅಲ್ಲ

ಇದು ಟೆಲಿವಿಷನ್ ನೋಡಿ ಕಣ್ಣೊರೆಸಿಕೊಳ್ಳುವ ವಿಷಯ ಮಾತ್ರವಾಗಿದ್ದರೆ ನಮ್ಮ ಪತ್ರಿಕೆಯ ಪುಟಗಳನ್ನು ಇದಕ್ಕೆ ಕೊಡುತ್ತಿರಲಿಲ್ಲ. ಸದಸ್ಯರು ಕಾನೂನಿನ ಸ್ಥಿತಿಯನ್ನೂ ತಿಳಿದಿರಬೇಕು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು. ಆಗ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ವರ್ಷ ತಂದೆ ಬದುಕಿರಲೇಬೇಕೆಂಬ ಷರತ್ತಿಲ್ಲವೆಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಕೆದಕುವಂತಿಲ್ಲ.

ಹೀಗಿರುವಾಗ ಅಕ್ಕತಂಗಿಯರ ಹೆಸರು ಬಿಟ್ಟ ವಂಶವೃಕ್ಷದಿಂದ ಆಗುವುದೇನು? ಅದರ ಆಧಾರದ ಮೇಲೆ ಪೌತಿ ಖಾತೆಯಾಗುತ್ತದೆ, ಪಹಣಿ ಬದಲಾಗುತ್ತದೆ, ಆ ಪಹಣಿಯ ಮೇಲೆ ಸಾಲ ಎತ್ತುತ್ತಾರೆ. ಹತ್ತು ವರ್ಷದ ಮೇಲೆ ಬಿಟ್ಟುಹೋದ ತಂಗಿಯೋ ಅವಳ ಮಗನೋ ತಕರಾರು ಹೂಡಿದರೆ ತೋಟ ನ್ಯಾಯಾಲಯದ ಮೆಟ್ಟಿಲೇರುತ್ತದೆ. ದಾವೆ ನಡೆಯುವಷ್ಟು ಕಾಲ ಮರಗಸಿ ಮಾಡಿಸುವವರಿಲ್ಲ, ಮಳೆಗೆ ಮುಂಚೆ ಅಡಿಕೆಗೆ ಔಷಧಿ ಹೊಡೆಸುವವರಿಲ್ಲ. ಅಡಿಕೆ ಮರ ವಾಯಿದೆ ಕೇಳುವುದಿಲ್ಲ. ಕೊಳೆರೋಗ ಬಂದೇ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಗೌರಿ ಹಬ್ಬಕ್ಕೆ ತವರಿಗೆ ಬರುವ ದಾರಿ ಮುಚ್ಚಿಹೋಗುತ್ತದೆ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈ ಮಳೆಗಾಲದಲ್ಲಿ ಒಂದು ಸಂಜೆ ಮನೆಯ ಅತಿ ಹಿರಿಯ ಹೆಂಗಸಿನ ಪಕ್ಕದಲ್ಲಿ ಹಾಳೆ ಹಿಡಿದು ಕುಳಿತುಕೊಳ್ಳಿ. ಪ್ರತಿಯೊಬ್ಬರ ಹೆಸರು, ಕರೆಯುವ ಹೆಸರು, ಹುಟ್ಟಿದ ಊರು, ಕೊಟ್ಟ ಊರು, ತೀರಿಕೊಂಡ ವರ್ಷ ಬರೆದುಕೊಳ್ಳಿ. ಹಳೆಯ ಪಾರಿಕತ್ತಿನ ಪತ್ರ, ಕ್ರಯಪತ್ರ, ಶಾಲೆಯ ದಾಖಲೆ, ಮದುವೆಯ ಲಗ್ನಪತ್ರಿಕೆಗಳನ್ನು ಅದಕ್ಕೆ ತಾಳೆ ನೋಡಿ. ಗ್ರಾಮ ಆಡಳಿತ ಅಧಿಕಾರಿಗಳ ಮುಂದೆ ವಂಶವೃಕ್ಷ ಇಡುವಾಗ ಹೆಣ್ಣುಮಕ್ಕಳನ್ನು ಬಿಡಬೇಡಿ. ಪಾಲು ಬೇಡವೆನ್ನುವ ತಂಗಿಯಿದ್ದರೆ ಅದಕ್ಕೆ ಬೇರೆ ಪತ್ರವಿದೆ, ನೋಂದಣಿಯಿದೆ. ಹೆಸರು ಬಿಡುವುದು ಅದಕ್ಕೆ ದಾರಿಯಲ್ಲ.

ನಾವು ಹಿಂದಕ್ಕೆ ಕಳಿಸಿದ ಆ ಕಾಗದ ಎರಡು ತಿಂಗಳ ಮೇಲೆ ಮತ್ತೆ ಬಂತು. ಮೂರು ಹೆಸರಿದ್ದಲ್ಲಿ ಐದು ಹೆಸರುಗಳಿದ್ದವು, ಮೃತರ ಪತ್ನಿಯ ಹೆಸರೂ ಸೇರಿತ್ತು. ತಂದವರು ಹಿರಿಮಗನಲ್ಲ, ಕೊನೆಯ ತಂಗಿ. ಅದೇ ದಿನ ಸಹಿ ಹಾಕಿ ಕಳಿಸಿದೆವು.